ಉಂಡು ಮಲಗಿದರೂ ಮುಗಿಯದ ಜಗಳ

ಕೆಂಕೆರೆ: ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನೋ ಗಾದೆ ಹುಳಿಯಾರು ಬಸ್ ಸ್ಟ್ಯಾಂಡಿನಿಂದ ತಿಪಟೂರು ಮಂಡಿ ತನಕ ಎಲ್ಲರ ಬಾಯಲ್ಲೂ ಇದೆ. ಗಾದೆ ಸುಳ್ಳಲ್ಲ. ಆದರೆ ಉಂಡ ಮೇಲೂ ಮುಗಿಯದ, ಮಲಗಿ ಎದ್ದ ಮೇಲೂ ಹಾಗೇ ಕೂತಿರುವ ಜಗಳಕ್ಕೆ ಏನು ಮದ್ದು? ಅದನ್ನು ಗಾದೆ ಹೇಳೋದಿಲ್ಲ.

ಒಂದು ಮನೆ ಅಂದುಕೊಳ್ಳಿ. ಕೆಂಕೆರೆಯದೇ ಆಗಬೇಕೆಂದಿಲ್ಲ, ಚಿಕ್ಕನಾಯಕನಹಳ್ಳಿ, ತುರುವೇಕೆರೆ ಸೀಮೆಯ ಯಾವ ಊರಾದರೂ ಸರಿ. ಎರಡೆಕರೆ ತೆಂಗು, ಅಟ್ಟದ ತುಂಬ ಕಾಯಿ. ಕಾಯಿ ಗಿಟಕಾಗೋಕೆ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಅಷ್ಟು ದಿನವೂ ಅಂಗಡಿ ಬಾಕಿ, ಬೋರ್‌ವೆಲ್ ಸಾಲ, ಮಗಳ ಕಾಲೇಜು ಫೀಸು ಎಲ್ಲಕ್ಕೂ ಅಟ್ಟದ ಕಡೆಗೇ ಕೈ ತೋರಿಸೋದು. ಕೊನೆಗೆ 2023ರಲ್ಲಿ ಆದಂತೆ ಆದರೆ? ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಸಾವಿರಗಟ್ಟಲೆ ಕೆಳಗೆ ಬಿತ್ತು.

“ಎಷ್ಟು ಬಂತು?” ಅಂತ ಹೆಂಡತಿ ಕೇಳ್ತಾಳೆ. ಗಂಡ ಟವಲು ಕೊಡವಿಕೊಂಡು ಎದ್ದು ಹೋಗ್ತಾನೆ. ರಾತ್ರಿ ಬರುವಾಗ ಬಾಯಲ್ಲಿ ವಾಸನೆ. ಮಾರನೇ ದಿನ ಆಕೆಯ ದನಿ ಜೋರು. ಆತ ಇನ್ನೂ ಬೇಗ ಎದ್ದು ಹೋಗ್ತಾನೆ. ಹೀಗೇ ಮೂರು ತಿಂಗಳು. ಆಮೇಲೆ ಮಾತೇ ನಿಂತು, “ನಿಮ್ಮಪ್ಪನ್ನ ಊಟಕ್ಕೆ ಕರಿ” ಅಂತ ಮಗಳ ಕೈಲಿ ಹೇಳಿಸೋ ಹಂತ.

ಜಗಲಿ ಪಂಚಾಯ್ತಿ

ಆಗ ಹಿರಿಯರು ಕೂರ್ತಾರೆ. ಅವಳ ಅಣ್ಣ, ಇವನ ಸೋದರಮಾವ, ಊರಿನ ಇಬ್ಬರು ಯಜಮಾನರು. ಕೇಳೋದು ಒಂದೇ ಪ್ರಶ್ನೆ: ತಪ್ಪು ಯಾರದು? “ಅನುಸರಿಸಿಕೊಂಡು ಹೋಗವ್ವ”, “ನೀನೂ ಕುಡಿಯೋದು ಬಿಡಪ್ಪ” ಅಂತ ಇಬ್ಬರಿಗೂ ಬುದ್ಧಿ ಹೇಳಿ, ಕಾಫಿ ಕುಡಿದು ಏಳ್ತಾರೆ. ಹೀಗೆ ಕೂತ ಹಿರಿಯರಿಂದ ಉಳಿದ ಸಂಸಾರಗಳೂ ಇವೆ, ಇಲ್ಲ ಅನ್ನೋ ಹಾಗಿಲ್ಲ. ಆದರೆ ಜಗಲಿ ಮೇಲೆ ಸೋತವರು ಮನೆಯೊಳಗೆ ಸೇಡು ಇಟ್ಟುಕೊಳ್ತಾರೆ. ಜತೆಗೆ ಸಂಜೆಯೊಳಗೆ ಸಂಸಾರದ ಗುಟ್ಟು ಹೋಟೆಲ್ ಬೆಂಚಿನ ಮೇಲಿರುತ್ತೆ.

ಆಪ್ತಸಮಾಲೋಚನೆ, ಅಂದರೆ ಕೌನ್ಸೆಲಿಂಗ್, ಬೇರೆಯಾಗೋದು ಇಲ್ಲೇ. ಅಲ್ಲಿ ತೀರ್ಪಿಲ್ಲ. ತರಬೇತಿ ಪಡೆದ ಒಬ್ಬರ ಎದುರು ಗಂಡ ಹೆಂಡತಿ ಮುಕ್ಕಾಲು ಗಂಟೆ, ಒಂದು ಗಂಟೆ ಕೂರ್ತಾರೆ. ಒಮ್ಮೆ ಒಟ್ಟಿಗೆ, ಬೇಕಾದರೆ ಬೇರೆಬೇರೆ. ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕೋ ಹಾಗಿಲ್ಲ. ಮುಗಿದ ಮೇಲೆ, ಕೇಳಿಸಿಕೊಂಡಿದ್ದೇನು ಅಂತ ಅವರು ತಿರುಗಿ ಹೇಳಬೇಕು. ಎಷ್ಟೋ ಜನ ತಡವರಿಸೋದು ಇಲ್ಲಿಯೇ. ಹತ್ತು ವರ್ಷ ಕೇಳಿಸಿಕೊಂಡದ್ದು ಬೈಗುಳ ಮಾತ್ರ, ಅದರ ಹಿಂದಿನ ಭಯ ಅಲ್ಲ.

ಮೇಲಿನ ಮನೆಯನ್ನೇ ನೋಡಿ. “ಎಷ್ಟು ಬಂತು” ಅನ್ನೋದು ಆಕೆಗೆ ಮಗಳ ಫೀಸಿನ ಚಿಂತೆ. ಆತನ ಕಿವಿಗೆ ಅದು “ನೀನು ಕೈಲಾಗದವನು” ಅಂತ ಬೀಳುತ್ತೆ. ಆತ ಎದ್ದು ಹೋಗೋದು ನಾಚಿಕೆಗೆ. ಆಕೆಗೆ ಅದು ಅಸಡ್ಡೆ. ಆಕೆ ಕೇಳಿದಷ್ಟೂ ಆತ ಓಡ್ತಾನೆ, ಆತ ಓಡಿದಷ್ಟೂ ಆಕೆ ಕೇಳ್ತಾಳೆ. ಈ ಗಾಣ ತಿರುಗೋದನ್ನು ಇಬ್ಬರಿಗೂ ತೋರಿಸೋದೇ ಸಮಾಲೋಚಕರ ಮೊದಲ ಕೆಲಸ. ಆಮೇಲೆ ಸಣ್ಣ ಸಣ್ಣ ಅಭ್ಯಾಸ. ದಿನಕ್ಕೆ ಹದಿನೈದು ನಿಮಿಷ ಫೋನು, ಟಿ.ವಿ. ಬಿಟ್ಟು ಕೂರಿ. “ನೀನು ಯಾವಾಗ್ಲೂ ಹಿಂಗೇ” ಅನ್ನೋ ಬದಲು “ನನಗೆ ಭಯ ಆಗ್ತಿದೆ” ಅನ್ನಿ. ಲೆಕ್ಕದ ಪುಸ್ತಕ ಇಬ್ಬರೂ ನೋಡಿ.

ಹುಚ್ಚು ಅಲ್ಲ ಸ್ವಾಮಿ

“ನಮಗೇನು ಹುಚ್ಚೇ?” ಅನ್ನೋದು ಮೊದಲು ಬರೋ ಮಾತು. ಇದು ನಿನ್ನೆ ಮೊನ್ನೆ ಬಂದ ಪೇಟೆ ಶೋಕಿಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಆ ಹೆಸರು ಪಡೆದದ್ದು 1974ರಲ್ಲಿ. ಆ ದಶಕದ ಕೊನೆಗೇ ಅಲ್ಲಿ ರೋಗಿಯೊಬ್ಬನನ್ನೇ ಅಲ್ಲ, ಕುಟುಂಬವನ್ನೇ ಕೂರಿಸಿ ಚಿಕಿತ್ಸೆ ಕೊಡುವ ಕೆಲಸ ನಡೀತಿತ್ತು. ಅಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಇದೇ ವಿಷಯಗಳನ್ನು ಕನ್ನಡದಲ್ಲಿ ದಶಕಗಟ್ಟಲೆ ಬರೆದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. 1984ರ ಕುಟುಂಬ ನ್ಯಾಯಾಲಯ ಕಾಯ್ದೆ ಕೂಡ ಮೊದಲು ರಾಜಿಗೆ ಯತ್ನಿಸೋದು ಕೋರ್ಟಿನ ಕರ್ತವ್ಯ ಅನ್ನುತ್ತೆ. ಕೋರ್ಟು ಮೆಟ್ಟಿಲು ಹತ್ತಿದ ಮೇಲೆ ಮಾತಿಗೆ ಕೂರೋದಕ್ಕಿಂತ ಮೊದಲೇ ಕೂತರೆ ವಕೀಲರ ಫೀಸಾದರೂ ಉಳಿಯುತ್ತೆ.

ಜೋಡಿಯಾಗೇ ಹೋಗಬೇಕೆಂದಿಲ್ಲ. ಸಂಗಾತಿ ಬರೋದಿಲ್ಲ ಅಂದರೆ ಒಬ್ಬರೇ ಹೋಗಬಹುದು. ಗಂಡನನ್ನು ಕಳೆದುಕೊಂಡು ತೋಟ, ಸಾಲ ಎರಡನ್ನೂ ಹೊತ್ತ ಹೆಂಗಸು ಹೋಗಬಹುದು. ರೈತನಿಗೆ ಹೆಣ್ಣು ಕೊಡೋಲ್ಲ ಅನ್ನಿಸಿಕೊಂಡು ಮೂವತ್ತೈದು ದಾಟಿದ ಗಂಡೂ ಹೋಗಬಹುದು. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು ಕಂಕಣ ಭಾಗ್ಯ ಬೇಡಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ನಕ್ಕವರು ಬಹಳ. ಆ ನಗುವನ್ನು ದಿನಾ ಊರಲ್ಲಿ ತಿನ್ನೋನ ಸಂಕಟ ಕೇಳೋರು ಕಮ್ಮಿ.

ಮಾತು ಸಾಲದ ಕಡೆ

ಮಾತು ಎಲ್ಲಕ್ಕೂ ಮದ್ದಲ್ಲ, ಇದನ್ನೂ ತಿಳಿದಿರಬೇಕು. ಎರಡು ವಾರಕ್ಕೂ ಮೇಲೆ ನಿದ್ದೆ, ಊಟ ಬೇಡವಾಗಿ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಅದು ಸೋಮಾರಿತನ ಅಲ್ಲ, ಖಿನ್ನತೆ ಕಾಯಿಲೆ ಇರಬಹುದು. ಮಾತಿನ ಜತೆ ಮಾತ್ರೆಯೂ ಬೇಕಾಗಬಹುದು. ದಿನಾ ವಿಪರೀತ ಕುಡಿಯೋರು ಆಣೆ ಇಟ್ಟು ದಿಢೀರ್ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್ ಬರೋದುಂಟು. ವೈದ್ಯರ ಕಣ್ಣಳತೆಯಲ್ಲೇ ಬಿಡಿಸಬೇಕು.

ಇನ್ನು ಹೊಡೆತ. ಕೈ ಎತ್ತೋ ಮನೆಯಲ್ಲಿ ಮೊದಲು ಬೇಕಾದ್ದು ರಕ್ಷಣೆ, ಹೊಂದಾಣಿಕೆ ಮಾತು ಅಲ್ಲ. “ಅನುಸರಿಸಿಕೊಂಡು ಹೋಗು” ಅನ್ನೋ ಬುದ್ಧಿಮಾತು ಇಲ್ಲಿ ಪ್ರಾಣಕ್ಕೇ ಸಂಚಕಾರ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಆಕೆ ಅದೇ ಮನೆಯಲ್ಲಿ ಇರೋ ಹಕ್ಕು ಕೇಳಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ದೂರು ಕೊಡಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಹೋಗೋದೆಲ್ಲಿಗೆ?

ದುಡ್ಡಿಲ್ಲ, ಬೆಂಗಳೂರು ದೂರ ಅನ್ನೋರಿಗೆ ಫೋನಿದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಂಖ್ಯೆ 14416. ಪುಕ್ಕಟೆ, ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡ್ತಾರೆ. ಸಾಯೋ ಯೋಚನೆ ಬಂದವರಂತೂ ತಡಮಾಡದೆ ಈ ನಂಬರು ಒತ್ತಬೇಕು. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಮಂಗಳವಾರ ಬರಲಿ ಅಂತ ರಾಜ್ಯ ಸರ್ಕಾರ 2014ರಲ್ಲಿ ಮನೋಚೈತನ್ಯ ಕಾರ್ಯಕ್ರಮ ತಂದಿತು. ನಿಮ್ಮ ಆಸ್ಪತ್ರೆಗೆ ಯಾವ ಮಂಗಳವಾರ ಬರ್ತಾರೆ ಅಂತ ಮೊದಲೇ ವಿಚಾರಿಸಿ ಬಸ್ ಹತ್ತಿ. ಖಾಸಗಿಯವರ ಬಳಿ ಹೋಗೋದಾದರೆ ಏನು ಓದಿದ್ದೀರಿ, ಎಷ್ಟು ಫೀಸು ಅಂತ ಕೇಳೋಕೆ ಸಂಕೋಚ ಬೇಡ. ಒಂದೇ ಸಲಕ್ಕೆ ಸರಿ ಮಾಡ್ತೀನಿ ಅನ್ನೋರನ್ನು ನಂಬಬೇಡಿ.

ಹೋದ ಜೋಡಿಗಳೆಲ್ಲ ಒಂದಾಗೋದಿಲ್ಲ. ಕೆಲವರು ಮರ್ಯಾದೆಯಾಗಿ ಬೇರೆಯಾಗ್ತಾರೆ. ಮಕ್ಕಳ ಕಣ್ಣೆದುರು ದಿನಾ ಕಿತ್ತಾಡೋದಕ್ಕಿಂತ ಅದೂ ವಾಸಿ.

ಕೊಬ್ಬರಿ ಬೆಲೆ ಏರಿಸೋ ಶಕ್ತಿ ಯಾವ ಸಮಾಲೋಚಕರಿಗೂ ಇಲ್ಲ. ಆದರೆ “ಎಷ್ಟು ಬಂತು?” ಅಂದಾಗ ಆತ ಎದ್ದು ಹೋಗದೆ, ಕೂತು, “ಇಷ್ಟೇ ಕಣೇ ಬಂದದ್ದು, ಏನು ಮಾಡೋಣ ಹೇಳು” ಅಂದರೆ ಮಗಳು ಅಡುಗೆಮನೆಗೂ ಜಗಲಿಗೂ ಸುದ್ದಿ ಸಾಗಿಸೋದು ತಪ್ಪುತ್ತೆ. ಅಷ್ಟಾದರೂ ಬಸ್ ಚಾರ್ಜು ವಸೂಲಾದಂತೆ.