ಚಿಕ್ಕಬಳ್ಳಾಪುರ ಜಿಲ್ಲೆಯ ಭೂಕಂಪನ ಚಟುವಟಿಕೆ

ಚಿಕ್ಕಬಳ್ಳಾಪುರ ಜಿಲ್ಲೆಯು ಕರ್ನಾಟಕದ ಪೂರ್ವ ಭಾಗದಲ್ಲಿ, ದಕ್ಷಿಣ ಭಾರತದ ಪ್ರಾಚೀನ ಶಿಲಾಪ್ರದೇಶದ ಮೇಲಿದೆ. 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟ ಈ ಜಿಲ್ಲೆಯಲ್ಲಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೊದಲಾದ ತಾಲ್ಲೂಕುಗಳಿವೆ. ಭಾರತೀಯ ಮಾನಕ ಬ್ಯೂರೋ 2002ರಲ್ಲಿ ಪ್ರಕಟಿಸಿದ ಭೂಕಂಪ ನಕ್ಷೆಯಲ್ಲಿ ಈ ಪ್ರದೇಶವು ಅತಿ ಕಡಿಮೆ ಅಪಾಯದ ಎರಡನೆಯ ವಲಯದಲ್ಲಿದೆ. ಇಲ್ಲಿ ಅಪರೂಪಕ್ಕೆ ಲಘು ಕಂಪನಗಳು ಉಂಟಾಗಿವೆ. ನೆಲದ ಈ ನಿಶ್ಚಲತೆಯ ಕಾರಣದಿಂದಲೇ ದೂರದೇಶಗಳ ಭೂಕಂಪಗಳನ್ನು ಗ್ರಹಿಸುವ ಪ್ರಮುಖ ಕೇಂದ್ರವೊಂದು ಗೌರಿಬಿದನೂರಿನಲ್ಲಿ ಸ್ಥಾಪನೆಯಾಯಿತು.

ಭೂರಚನೆ

ಜಿಲ್ಲೆಯ ಬಹುಭಾಗವು ನೈಸ್ ಮತ್ತು ಗ್ರಾನೈಟ್ ಶಿಲೆಗಳಿಂದ ಕೂಡಿದೆ. ಇವುಗಳ ವಯಸ್ಸು ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹೆಚ್ಚು. ನಂದಿಬೆಟ್ಟದ ಬೋಳುಬಂಡೆಗಳು ಇದಕ್ಕೆ ಉದಾಹರಣೆ. ಈ ಬೆಟ್ಟವು ಜ್ವಾಲಾಮುಖಿಯಲ್ಲ. ಭೂಗರ್ಭದಲ್ಲಿ ನಿಧಾನವಾಗಿ ತಣಿದು ಗಟ್ಟಿಯಾದ ಶಿಲೆಯು ಮೇಲ್ಪದರಗಳು ಸವೆದುಹೋದ ನಂತರ ಹೊರಗೆ ಕಾಣಿಸಿಕೊಂಡಿದೆ. ಬೆಂಗಳೂರಿನ ಸುತ್ತಲಿನ ಪ್ರದೇಶದಲ್ಲಿ ಗ್ರಾನೈಟನ್ನು ಸೀಳಿಕೊಂಡು ಹೋಗುವ ಕಪ್ಪು ಡೈಕ್ ಶಿಲೆಗಳು ಸುಮಾರು 237 ಕೋಟಿ ವರ್ಷಗಳ ಹಿಂದೆ ಬಿರುಕುಗಳಲ್ಲಿ ನುಗ್ಗಿದ ಶಿಲಾರಸದಿಂದ ಉಂಟಾದವು. ಇಂದು ಜಿಲ್ಲೆಯಲ್ಲಿ ಯಾವುದೇ ಜ್ವಾಲಾಮುಖಿ ಇಲ್ಲ. ಭಾರತದ ಸಕ್ರಿಯ ಜ್ವಾಲಾಮುಖಿಯು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿದೆ.

ಗೌರಿಬಿದನೂರು ಭೂಕಂಪನ ಕೇಂದ್ರ

1963ರ ಭಾಗಶಃ ಪರಮಾಣು ಪರೀಕ್ಷಾ ನಿಷೇಧ ಒಪ್ಪಂದವು ವಾಯುಮಂಡಲ, ಬಾಹ್ಯಾಕಾಶ ಮತ್ತು ಜಲದೊಳಗಿನ ಪರೀಕ್ಷೆಗಳನ್ನು ನಿಷೇಧಿಸಿತು. ಭೂಗರ್ಭ ಪರೀಕ್ಷೆಗಳನ್ನು ನಿಷೇಧಿಸಲಿಲ್ಲ. ಅವುಗಳನ್ನು ದೂರದಿಂದಲೇ ಗುರುತಿಸುವ ವಿಧಾನಗಳು ಬೇಕಾದವು. ಬ್ರಿಟನ್ನಿನ ಪರಮಾಣು ಶಕ್ತಿ ಪ್ರಾಧಿಕಾರದ ಸಹಕಾರದಿಂದ ಈಗಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರವು 1965ರಲ್ಲಿ ಇಲ್ಲಿ ಭೂಕಂಪನಮಾಪಕಗಳ ಜಾಲವನ್ನು ಆರಂಭಿಸಿತು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್ ಮತ್ತು ಆಸ್ಟ್ರೇಲಿಯಾದ ವಾರಮುಂಗಾ ಇದೇ ಮಾದರಿಯ ಕೇಂದ್ರಗಳು.

ಇಲ್ಲಿ 20 ಮಾಪಕಗಳನ್ನು ಇಂಗ್ಲಿಷಿನ 'ಎಲ್' ಅಕ್ಷರದ ಆಕಾರದಲ್ಲಿ, ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಎರಡು ಸಾಲುಗಳಲ್ಲಿ ಅಳವಡಿಸಲಾಗಿದೆ. ಒಂದೇ ಅಲೆಯು ಬೇರೆ ಬೇರೆ ಮಾಪಕಗಳನ್ನು ಸ್ವಲ್ಪ ಹಿಂದುಮುಂದಾಗಿ ತಲುಪುತ್ತದೆ. ಈ ಕಾಲವ್ಯತ್ಯಾಸದಿಂದ ಅಲೆ ಬಂದ ದಿಕ್ಕನ್ನೂ ವೇಗವನ್ನೂ ಲೆಕ್ಕಹಾಕಬಹುದು. ಕಾಲವ್ಯತ್ಯಾಸವನ್ನು ಸರಿಪಡಿಸಿ ಎಲ್ಲ ದಾಖಲೆಗಳನ್ನು ಕೂಡಿಸಿದಾಗ ಗಾಳಿ, ವಾಹನ ಮುಂತಾದವುಗಳ ಅನಗತ್ಯ ಕಂಪನ ತಗ್ಗಿ, ದೂರದ ಕ್ಷೀಣ ಸಂಕೇತ ಸ್ಪಷ್ಟವಾಗುತ್ತದೆ.

ಸ್ಫೋಟವು ನೆಲವನ್ನು ಎಲ್ಲ ದಿಕ್ಕುಗಳಿಗೂ ಹೊರಕ್ಕೆ ತಳ್ಳುತ್ತದೆ. ಭೂಕಂಪದಲ್ಲಿ ಶಿಲೆಗಳು ಒಂದರ ಪಕ್ಕ ಒಂದು ಜಾರುತ್ತವೆ. ಆದ್ದರಿಂದ ಸ್ಫೋಟದಲ್ಲಿ ಮೊದಲು ತಲುಪುವ ಪ್ರಾಥಮಿಕ ಅಲೆಗಳಿಗೆ ಹೋಲಿಸಿದರೆ ಮೇಲ್ಮೈ ಅಲೆಗಳು ದುರ್ಬಲವಾಗಿರುತ್ತವೆ. ಎರಡನ್ನೂ ಪ್ರತ್ಯೇಕಿಸಲು ಈ ಲಕ್ಷಣ ನೆರವಾಗುತ್ತದೆ. 1998ರ ಮೇ ತಿಂಗಳಲ್ಲಿ ಪಾಕಿಸ್ತಾನ ನಡೆಸಿದ ಪರೀಕ್ಷೆಯ ಅಲೆಗಳನ್ನು ಈ ಕೇಂದ್ರವು ದಾಖಲಿಸಿತು.

2021ರ ಕಂಪನಗಳು

2021ರ ಡಿಸೆಂಬರ್ 22ರ ಬೆಳಿಗ್ಗೆ ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಸುತ್ತಮುತ್ತ ಕೆಲವೇ ನಿಮಿಷಗಳ ಅಂತರದಲ್ಲಿ ಎರಡು ಬಾರಿ ಭೂಮಿ ಕಂಪಿಸಿತು. ರಿಕ್ಟರ್ ಮಾಪಕದಲ್ಲಿ ಇವುಗಳ ಪ್ರಮಾಣ ಕ್ರಮವಾಗಿ 2.9 ಮತ್ತು 3.0 ಎಂದು ದಾಖಲಾಯಿತು. ಆ ಅವಧಿಯಲ್ಲಿ ಚಿಂತಾಮಣಿ ತಾಲ್ಲೂಕಿನ ಕೆಲವು ಗ್ರಾಮಗಳಲ್ಲಿಯೂ ನೆಲದೊಳಗಿನಿಂದ ಸದ್ದು ಕೇಳಿಬಂದು, ಜನರು ಮನೆಗಳಿಂದ ಹೊರಗೆ ಬಂದಿದ್ದರು.

ಇದಕ್ಕೆ ಮುಂಚಿನ ನವೆಂಬರಿನಲ್ಲಿ ಜಿಲ್ಲೆಯಲ್ಲಿ ಅಸಾಧಾರಣ ಮಳೆಯಾಗಿ, ಬಹುಕಾಲದಿಂದ ಬತ್ತಿದ್ದ ಕೆರೆಗಳು ಕೋಡಿ ಹರಿದಿದ್ದವು. ಗ್ರಾನೈಟ್ ಪ್ರದೇಶದಲ್ಲಿ ಅಂತರ್ಜಲವು ಬಂಡೆಯ ಬಿರುಕುಗಳಲ್ಲಿ ಸಂಗ್ರಹವಾಗುತ್ತದೆ. ನೀರು ಬಿರುಕಿಗೆ ಇಳಿದಾಗ ಅದರೊಳಗಿನ ಒತ್ತಡ ಹೆಚ್ಚಿ, ಶಿಲೆಗಳನ್ನು ಅದುಮಿ ಹಿಡಿದಿರುವ ಘರ್ಷಣೆ ಕಡಿಮೆಯಾಗುತ್ತದೆ. ಮೊದಲೇ ಸಂಚಿತವಾಗಿದ್ದ ಒತ್ತಡವು ಸಣ್ಣ ಜಾರುವಿಕೆಯಾಗಿ ಹೊರಬೀಳಬಹುದು. ಭಾರೀ ಮಳೆಯ ನಂತರದ ಲಘು ಕಂಪನಗಳಿಗೆ ವಿಜ್ಞಾನಿಗಳು ನೀಡುವ ವಿವರಣೆಗಳಲ್ಲಿ ಇದೂ ಒಂದು. ಕಂಪನದ ಕೇಂದ್ರವು ಆಳದಲ್ಲಿಲ್ಲದಿದ್ದರೆ ಅಲ್ಪ ಪ್ರಮಾಣದ ಕಂಪನವೂ ದೊಡ್ಡ ಸದ್ದಿನೊಂದಿಗೆ ಅನುಭವಕ್ಕೆ ಬರುತ್ತದೆ.

ಅಪಾಯದ ಪ್ರಮಾಣ

ಮಾಪಕದಲ್ಲಿ ಒಂದು ಅಂಕ ಹೆಚ್ಚಾದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಲಾತೂರ್ ಪ್ರದೇಶದಲ್ಲಿ ಸಂಭವಿಸಿದ 6.2 ಪ್ರಮಾಣದ ಭೂಕಂಪದ ಶಕ್ತಿಯು 3.0 ಪ್ರಮಾಣದ ಕಂಪನದ ಸುಮಾರು 60 ಸಾವಿರ ಪಟ್ಟು. ಆದರೆ ಲಾತೂರ್ ಸಹ ಸ್ಥಿರವೆಂದು ಭಾವಿಸಲಾಗಿದ್ದ ಪ್ರದೇಶವೇ ಆಗಿತ್ತು. ಅಲ್ಲಿನ ಸಾವುನೋವಿಗೆ ದಪ್ಪ ಕಲ್ಲುಗೋಡೆ ಹಾಗೂ ಭಾರವಾದ ಮಣ್ಣಿನ ಮಾಳಿಗೆಗಳ ಕುಸಿತ ಮುಖ್ಯ ಕಾರಣವಾಯಿತು. ಕಲ್ಲುಚಪ್ಪಡಿ ಹೊದಿಸಿದ ಹಳೆಯ ಮನೆಗಳಿರುವ ಬಯಲುಸೀಮೆಯ ಗ್ರಾಮಗಳಿಗೂ ಈ ಅನುಭವ ಅನ್ವಯಿಸುತ್ತದೆ. ಕಂಪನದ ಸಮಯದಲ್ಲಿ ಗಟ್ಟಿಮುಟ್ಟಾದ ಮೇಜಿನ ಕೆಳಗೆ ಆಶ್ರಯ ಪಡೆಯುವುದು, ಕಂಪನ ನಿಂತ ಮೇಲೆ ಬಯಲಿಗೆ ಬರುವುದು ಹಾಗೂ ಬಿರುಕುಬಿಟ್ಟ ಮನೆಗಳನ್ನು ಪರೀಕ್ಷಿಸದೆ ಮತ್ತೆ ಒಳಗೆ ಹೋಗದಿರುವುದು ಸಾಮಾನ್ಯ ಮುನ್ನೆಚ್ಚರಿಕೆಗಳು.