ಮಲೇಷ್ಯಾಕ್ಕೆ ಹೊರಡುವವರಿಗೆ ಒಂದಿಷ್ಟು ತಿಳಿವಳಿಕೆ

ಕಳೆದ ತಿಂಗಳು ಒಂದು ಜುಮಾದಲ್ಲಿ ಮುಸಾಫಿರನ ನಮಾಜಿನ ಬಗ್ಗೆ ಹೇಳುತ್ತಾ ಮಲೇಷ್ಯಾದ ಹೆಸರು ಒಂದೆರಡು ಸಲ ಎತ್ತಿದ್ದೆ. ನಮಾಜ್ ಮುಗಿದು ಚಪ್ಪಲಿ ಹುಡುಕುವಷ್ಟರಲ್ಲಿ ಏಳೆಂಟು ಮಂದಿ ಸುತ್ತುವರಿದರು. ಕೊಪ್ಪದ ಹಿರಿಯರೊಬ್ಬರು ಮಗಳು ಅಳಿಯನ ಜೊತೆ ಒಂದು ವಾರ ತಿರುಗಾಡಿ ಬರುವವರು. ಉಳಿದವರಲ್ಲಿ ಹೆಚ್ಚಿನವರು ಕೆಲಸಕ್ಕೆಂದು ಹೊರಟು ನಿಂತ ಹುಡುಗರ ಅಪ್ಪಂದಿರು. ಎಲ್ಲರ ಪ್ರಶ್ನೆಯೂ ಒಂದೇ: "ಹಜ್ರತ್, ಈಗ ವೀಸಾ ಬೇಡವಂತೆ, ಹೌದಾ?"

ಮರುದಿನ ಎನ್.ಆರ್. ಪುರ ಕಡೆಯ ತಾಯಿಯೊಬ್ಬರು ಮನೆಗೆ ಬಂದರು. ಮಗ ಮಲೇಷ್ಯಾಕ್ಕೆ ಹೋದವನು ಮೂರನೇ ದಿನವೇ ವಾಪಸ್ ಬಂದಿದ್ದಾನೆ, ಕೋಣೆಯಿಂದ ಹೊರಗೆ ಬರುತ್ತಿಲ್ಲ, ಒಂದು ಮಾತು ಬುದ್ಧಿ ಹೇಳಿ ಎಂದು ಅತ್ತರು. ಹೋಗಿ ಹುಡುಗನನ್ನು ಮಾತಾಡಿಸಿದೆ. ಏಜೆಂಟ್ ಒಬ್ಬ ಒಂದು ಲಕ್ಷದ ನಲವತ್ತು ಸಾವಿರ ತೆಗೆದುಕೊಂಡು "ವೀಸಾ ಬೇಡ, ಹೋಗಿ ಇಳಿ, ನಮ್ಮವರು ಬಂದು ಕರೆದುಕೊಂಡು ಹೋಗ್ತಾರೆ" ಎಂದು ಕಳಿಸಿದ್ದಾನೆ. ಕೌಲಾಲಂಪುರದಲ್ಲಿ ಅಧಿಕಾರಿ ಮೂರೇ ಪ್ರಶ್ನೆ ಕೇಳಿದನಂತೆ. ಎಲ್ಲಿ ಉಳಿಯುತ್ತೀ? ವಾಪಸ್ ಟಿಕೆಟ್ ಎಲ್ಲಿ? ಖರ್ಚಿಗೆ ಹಣ ಎಷ್ಟಿದೆ? ಇವನ ಕೈಯಲ್ಲಿದ್ದದ್ದು ಇನ್ನೂರು ರಿಂಗಿಟ್ ಮತ್ತು ಯಾರೂ ಎತ್ತದ ಒಂದು ಫೋನ್ ನಂಬರ್. ವಿಮಾನ ನಿಲ್ದಾಣದಲ್ಲೇ ಕೂರಿಸಿ, ಸಿಕ್ಕ ವಿಮಾನಕ್ಕೆ ಹತ್ತಿಸಿ ಕಳಿಸಿದ್ದಾರೆ. ತಾಯಿಯ ಬಳೆಗಳು ಇನ್ನೂ ಅಡವಿನಲ್ಲೇ ಇವೆ. ಅಂದೇ ರಾತ್ರಿ ಈ ಲೇಖನ ಬರೆಯಲು ಕುಳಿತೆ.

ವೀಸಾ ಬೇಡ ಎಂಬುದು ಸುಳ್ಳಲ್ಲ, ಆದರೆ ಅರ್ಧ ಮಾತು. 2023ರ ಡಿಸೆಂಬರ್ 1ರಿಂದ ಭಾರತೀಯರು ವೀಸಾ ಇಲ್ಲದೆ ಮಲೇಷ್ಯಾ ಪ್ರವೇಶಿಸಬಹುದು. ಮೊದಲು ಒಂದು ವರ್ಷಕ್ಕೆಂದು ಕೊಟ್ಟ ಈ ರಿಯಾಯಿತಿಯನ್ನು ಆಮೇಲೆ 2026ರ ಡಿಸೆಂಬರ್ 31ರವರೆಗೆ ಮುಂದುವರಿಸಿದ್ದಾರೆ. ಗರಿಷ್ಠ 30 ದಿನ. ಅದೂ ಸುತ್ತಾಟಕ್ಕೆ ಅಥವಾ ನೆಂಟರನ್ನು ನೋಡಿ ಬರುವುದಕ್ಕೆ. ಕೂಲಿಗಲ್ಲ, ಹೋಟೆಲ್ ಕೆಲಸಕ್ಕಲ್ಲ, "ಸ್ವಲ್ಪ ದಿನ ನೋಡೋಣ" ಎಂಬ ಕೆಲಸಕ್ಕೂ ಅಲ್ಲ. ಇಂಥ ನಿಯಮಗಳು ಬದಲಾಗುತ್ತಿರುತ್ತವೆ. ಟಿಕೆಟ್ ಮಾಡಿಸುವ ವಾರದಲ್ಲಿ ಮತ್ತೊಮ್ಮೆ ವಿಚಾರಿಸಿ.

ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಹೋಗಿ ಬರುವ ಎರಡೂ ಟಿಕೆಟ್, ಉಳಿಯುವ ಜಾಗದ ಬುಕಿಂಗ್, ಖರ್ಚಿನ ಹಣಕ್ಕೆ ಪುರಾವೆ, ಇವು ಕಾಗದದಲ್ಲಿ ಕೈಯಲ್ಲಿರಲಿ. ಮೊಬೈಲ್ ಚಾರ್ಜ್ ಯಾವಾಗ ಮುಗಿಯುತ್ತದೋ ಹೇಳಲಾಗದು. ಇನ್ನೊಂದು, ಡಿಜಿಟಲ್ ಆಗಮನ ಪತ್ರ. ಇದನ್ನು ಅಲ್ಲಿನ ವಲಸೆ ಇಲಾಖೆಯ ಅಧಿಕೃತ ಜಾಲತಾಣದಲ್ಲಿ, ತಲುಪುವುದಕ್ಕೆ ಮೂರು ದಿನದೊಳಗೆ ತುಂಬಬೇಕು. ಇದಕ್ಕೆ ಒಂದು ಪೈಸೆಯೂ ಇಲ್ಲ. ಅದೇ ರೀತಿ ಕಾಣುವ ಬೇರೆ ತಾಣಗಳು ಹಣ ಕೇಳುತ್ತವೆ. ಹಣ ಕೇಳಿದ ಕೂಡಲೇ ಅದು ಸರಕಾರದ್ದಲ್ಲ ಎಂದು ತಿಳಿಯಿರಿ. ಮಲೇಷ್ಯಾದಿಂದ ಹಾಗೇ ಸಿಂಗಾಪುರ ನೋಡಿ ಬರೋಣ ಎನ್ನುವವರಿಗೆ ಹೇಳುವುದಿಷ್ಟು: ಸೇತುವೆ ದಾಟಿದರೆ ಸಿಗುವ ಊರಾದರೂ ಅದಕ್ಕೆ ನಮಗೆ ವೀಸಾ ಬೇಕು. ಅಲ್ಲಿ ಗಸಗಸೆಯೂ ನಿಷಿದ್ಧ. ಪಾಯಸಕ್ಕೆಂದು ಪೊಟ್ಟಣ ಕಟ್ಟಿಕೊಂಡು ಹೋಗಬೇಡಿ.

ಈಗ ಕೆಲಸದ ವಿಚಾರ. ಅಡಿಕೆಗೆ ಎಲೆಚುಕ್ಕಿ ರೋಗ, ಹಳದಿ ಎಲೆ ರೋಗ ಬಂದ ಮೇಲೆ ನಮ್ಮ ಮೂರೂ ತಾಲ್ಲೂಕಿನಲ್ಲಿ ತೋಟದ ಕೆಲಸ, ವ್ಯಾಪಾರ ಎರಡೂ ಹೇಗಿವೆ ಎಂದು ನಿಮಗೇ ಗೊತ್ತು. ಹುಡುಗರು ಹೊರಗೆ ಹೋಗಲು ಬಯಸುವುದು ತಪ್ಪಲ್ಲ. ಆದರೆ ಮಲೇಷ್ಯಾದಲ್ಲಿ ಕೆಲಸದ ಪರವಾನಗಿ ಬೇಕಾದರೆ ಅಲ್ಲಿನ ಮಾಲೀಕನೇ ಅಲ್ಲಿನ ವಲಸೆ ಇಲಾಖೆಯಿಂದ ಮುಂಚಿತವಾಗಿ ಅನುಮತಿ ತೆಗೆಯಬೇಕು. ಆ ಅನುಮತಿಯ ಆಧಾರದಲ್ಲಿ ವೀಸಾ ಇಲ್ಲಿರುವಾಗಲೇ ಕೈಗೆ ಬರಬೇಕು. "ಮೊದಲು ವಿಸಿಟ್‌ನಲ್ಲಿ ಹೋಗು, ಆಮೇಲೆ ಬದಲಾಯಿಸೋಣ" ಎಂದವನು ನಿಮ್ಮ ಮಗನನ್ನು ಅಪರಾಧಿಯಾಗಿ ವಿಮಾನ ಹತ್ತಿಸುತ್ತಿದ್ದಾನೆ. ಅವಧಿ ಮೀರಿ ಉಳಿದವರಿಗೆ ಅಲ್ಲಿ ಬಂಧನ, ದಂಡ, ಜೈಲು. ಪರವಾನಗಿ ಇಲ್ಲದೆ ಅಕ್ರಮವಾಗಿ ಪ್ರವೇಶಿಸಿದವರಿಗೆ ಹತ್ತು ಸಾವಿರ ರಿಂಗಿಟ್‌ವರೆಗೆ ದಂಡ, ಐದು ವರ್ಷದವರೆಗೆ ಜೈಲು, ಮೇಲಿಂದ ಆರರವರೆಗೆ ಬೆತ್ತದೇಟು ಎಂದು ಅಲ್ಲಿನ ಕಾನೂನಿನಲ್ಲಿದೆ. ಒಂದು ರಿಂಗಿಟ್ ಎಂದರೆ ನಮ್ಮ ಇಪ್ಪತ್ತು ರೂಪಾಯಿ ಆಸುಪಾಸು. ಲೆಕ್ಕ ನೀವೇ ಹಾಕಿ.

ನಮ್ಮ ದೇಶದ ಕಡೆಯಿಂದಲೂ ಒಂದು ರಕ್ಷಣೆ ಇದೆ, ಅದನ್ನು ಕೇಳುವವರೇ ಕಡಿಮೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು. ಅಂಥವರು ಕೆಲಸಕ್ಕೆಂದು ಗಲ್ಫ್ ದೇಶಗಳಿಗೆ ಹೋಗುವಾಗ ಹೇಗೋ ಮಲೇಷ್ಯಾಕ್ಕೂ ಹಾಗೆಯೇ ವಲಸೆ ಅನುಮತಿ ಪಡೆಯಬೇಕು. ಅದು ಸಿಗುವುದು ಸರಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ. ಏಜೆಂಟನಿಗೆ ಕೇಂದ್ರ ಸರಕಾರದ ಪರವಾನಗಿ ಸಂಖ್ಯೆ ಇದೆಯೇ ಎಂದು ಅದೇ ತಾಣದಲ್ಲಿ ನೋಡಬಹುದು. ಪರವಾನಗಿ ಇರುವವನು ಸೇವಾ ಶುಲ್ಕವೆಂದು ತೆಗೆದುಕೊಳ್ಳಬಹುದಾದ ಮಿತಿ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದವನಿಗೆ ರಸೀದಿ ಕೊಡು ಎನ್ನಿ, ಅವನ ಮುಖ ನೋಡಿ. ಅನುಮತಿ ಪಡೆದು ಹೋಗುವವರಿಗೆ ಪ್ರವಾಸಿ ಭಾರತೀಯ ವಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ವಿಮೆ ಇದೆ. ಎರಡು ವರ್ಷಕ್ಕೆ ಕಂತು 275 ರೂಪಾಯಿ. ವಿಸಿಟ್‌ನಲ್ಲಿ ಹೋಗಿ ಕೆಲಸಕ್ಕೆ ನಿಂತವನಿಗೆ ಇದಾವುದೂ ಇಲ್ಲ. ಕಾರ್ಮಿಕನ ಪಾಸ್‌ಪೋರ್ಟನ್ನು ಮಾಲೀಕ ಕಿತ್ತಿಟ್ಟುಕೊಳ್ಳುವುದು ಮಲೇಷ್ಯಾದ ಕಾನೂನಿನಲ್ಲೂ ತಪ್ಪು, ಆದರೆ ಕಳ್ಳದಾರಿಯಲ್ಲಿ ಒಳಗೆ ಹೋದವನು ಯಾರ ಬಳಿ ದೂರು ಕೊಡಬೇಕು?

"ಕಂಪ್ಯೂಟರ್ ಕೆಲಸ, ಒಳ್ಳೆ ಸಂಬಳ, ಥೈಲ್ಯಾಂಡಿಗೆ ಬಾ" ಎಂಬ ಕರೆ ಬಂದರೆ ಇನ್ನೂ ಎಚ್ಚರ. ಹಾಗೆ ಹೋದವರನ್ನು ಗಡಿ ದಾಟಿಸಿ ಮ್ಯಾನ್ಮಾರ್, ಕಾಂಬೋಡಿಯಾದ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕುತ್ತಾರೆ. 2025ರ ಮಾರ್ಚ್‌ನಲ್ಲಿ ಅಂಥ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು.

ಇನ್ನೊಂದು ಅಪಾಯ, ಪರರ ಪೊಟ್ಟಣ. ನಮ್ಮಲ್ಲಿ ಯಾರಾದರೂ ವಿದೇಶಕ್ಕೆ ಹೊರಟರೆ ಹಪ್ಪಳ, ಉಪ್ಪಿನಕಾಯಿ, ಔಷಧಿ ಎಂದು ಹತ್ತು ಮನೆಯ ಕಟ್ಟು ಬರುತ್ತದೆ. ಅಮಾನತ್ ತಲುಪಿಸುವುದು ಪುಣ್ಯ, ಸರಿ. ಆದರೆ ಬಿಚ್ಚಿ ನೋಡದ ಯಾವುದನ್ನೂ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ಅಪರಿಚಿತರು ಕೊಟ್ಟದ್ದನ್ನಂತೂ ಮುಟ್ಟಲೇಬೇಡಿ. ಮಲೇಷ್ಯಾದಲ್ಲಿ 200 ಗ್ರಾಂ ಗಾಂಜಾ ಸಿಕ್ಕರೆ ಮಾರಾಟಗಾರ ಎಂದೇ ಪರಿಗಣಿಸುತ್ತಾರೆ. ಮರಣದಂಡನೆ ಕಡ್ಡಾಯವೆಂಬ ನಿಯಮವನ್ನು 2023ರಲ್ಲಿ ತೆಗೆದರು, ಮರಣದಂಡನೆಯನ್ನೇ ತೆಗೆದಿಲ್ಲ. ನೀವು ದಿನಾ ನುಂಗುವ ಮಾತ್ರೆಗಳಿದ್ದರೆ ಡಾಕ್ಟರ ಚೀಟಿ ಜೊತೆಗಿರಲಿ.

ಇಷ್ಟು ಓದಿ ಕೊಪ್ಪದ ಆ ಹಿರಿಯರು ಟಿಕೆಟ್ ರದ್ದು ಮಾಡಿಸಿಯಾರು! ಹಾಗೆ ಮಾಡಬೇಡಿ. ಎರಡು ವರ್ಷದ ಹಿಂದೆ ಭಾವನ ಕುಟುಂಬದ ಜೊತೆ ನಾನೂ ಮನೆಯವರೂ ಒಂದು ವಾರ ಹೋಗಿ ಬಂದೆವು. ಚಂದದ ದೇಶ. ಗಲ್ಫಿಗಾದರೆ ನಮಗೆ ಮಂಗಳೂರು, ಇದಕ್ಕೆ ಬೆಂಗಳೂರು. ಅಲ್ಲಿಂದ ನಾಲ್ಕು ಗಂಟೆ. ಇಳಿದ ಮೇಲೆ ಗಡಿಯಾರ ಎರಡೂವರೆ ಗಂಟೆ ಮುಂದೆ ತಿರುಗಿಸಿಕೊಳ್ಳಿ. ನಿಲ್ದಾಣದಿಂದ ನಗರ ದೂರ, ಆದರೆ ಅರ್ಧ ಗಂಟೆಯಲ್ಲಿ ತಲುಪಿಸುವ ರೈಲಿದೆ. ಊರೊಳಗೆ ಓಡಾಡಲು ಗ್ರಾಬ್ ಎಂಬ ಆ್ಯಪ್. ಬಾಡಿಗೆ ಮೊದಲೇ ಕಾಣುವುದರಿಂದ ಚೌಕಾಶಿಯ ತಲೆನೋವಿಲ್ಲ. ಚಾರ್ಜರಿನ ಪಿನ್ ಅಲ್ಲಿ ಚೌಕದ ಮೂರು ಕಡ್ಡಿಯದು, ದುಬೈಯಿಂದ ತಂದ ಅಡಾಪ್ಟರ್ ಮನೆಯಲ್ಲಿದ್ದರೆ ಅದೇ ಸಾಕು. ಹೋಟೆಲಿನಲ್ಲಿ ವಿದೇಶಿಯರಿಗೆ ಕೋಣೆಗೆ ದಿನಕ್ಕೆ ಹತ್ತು ರಿಂಗಿಟ್ ಪ್ರವಾಸಿ ತೆರಿಗೆ ಬೇರೆ ಕೇಳುತ್ತಾರೆ. ಅದು ಮೋಸವಲ್ಲ, ಜಗಳ ಮಾಡಬೇಡಿ.

ಮಳೆಗೆ ಹೆದರುವವರು ನಾವಲ್ಲ. ಆದರೂ ಅಲ್ಲಿನ ಮಳೆ ಬೇರೆ. ಶೃಂಗೇರಿಯಲ್ಲಿ ಆಷಾಢದ ಮಳೆ ಕಂಬಳಿ ಹೊದಿಸುತ್ತದೆ. ಅಲ್ಲಿ ವರ್ಷವಿಡೀ ಮೂವತ್ತೆರಡು ಡಿಗ್ರಿ ಸೆಕೆ, ಸಂಜೆ ಗುಡುಗಿ ಸುರಿದು ಬಿಟ್ಟರೆ ಮತ್ತೆ ಸೆಕೆ. ಹತ್ತಿ ಬಟ್ಟೆ, ಒಂದು ಮಡಚುವ ಕೊಡೆ ಸಾಕು. ಪೂರ್ವ ಕರಾವಳಿಯ ದ್ವೀಪಗಳಿಗೆ ನವೆಂಬರಿನಿಂದ ಫೆಬ್ರವರಿವರೆಗೆ ಹೋಗದಿರುವುದೇ ಒಳ್ಳೆಯದು, ಕಡಲು ಆಗ ಒರಟು. ಡೆಂಗ್ಯೂ ನಮ್ಮಲ್ಲಿದ್ದಂತೆ ಅಲ್ಲೂ ಇದೆ, ಸೊಳ್ಳೆಗೆ ಹಚ್ಚುವ ಮುಲಾಮು ಇರಲಿ. ತಮನ್ ನೆಗಾರ ಕಾಡಿಗೆ ಹೋದವರು ಇಂಬಳ ಕಂಡು ಕಿರುಚುತ್ತಾರಂತೆ. ನಮ್ಮವರಿಗೆ ಅದು ಊರಿನ ನೆಂಟ.

ಭಾಷೆ ಕಷ್ಟವಾಗುವುದಿಲ್ಲ. ಇಂಗ್ಲಿಷ್ ನಡೆಯುತ್ತದೆ. ಮಲಯ ಭಾಷೆಯಲ್ಲಿ ಅರಬಿಯೂ ಸಂಸ್ಕೃತವೂ ತುಂಬಿವೆ: ಶುಕ್ರವಾರ ಜುಮಾತ್, ಪುಸ್ತಕ ಕಿತಾಬ್, ಹಾಗೆಯೇ ಭಾಷೆಗೆ ಬಹಾಸ, ಧರ್ಮಕ್ಕೆ ಆಗಮ, ರೋಜಾಕ್ಕೆ ಪುವಾಸ. ಈ ಪುವಾಸ ನಮ್ಮ ಉಪವಾಸವೇ. ಪಿನಾಂಗ್ ಎಂದರೆ ಅಡಿಕೆ. ಪೆನಾಂಗ್ ದ್ವೀಪದ ಹೆಸರು ಬಂದದ್ದೇ ಅಡಿಕೆಯಿಂದ. ಇದನ್ನು ನಮ್ಮ ಶೃಂಗೇರಿಯ ಅಡಿಕೆ ವ್ಯಾಪಾರಿ ಮಿತ್ರರಿಗೆ ಹೇಳಿದಾಗ "ಅಲ್ಲಿ ರೇಟ್ ಎಷ್ಟು?" ಎಂದರು. ಅವರು ಸಸ್ಯಾಹಾರಿ, ಮುಂದಿನ ವರ್ಷ ಹೆಂಡತಿಯೊಂದಿಗೆ ಹೋಗುವವರು. ಬಾಳೆಎಲೆ ಊಟ ಸಿಗುವ ಬ್ರಿಕ್‌ಫೀಲ್ಡ್ಸ್ ಬೀದಿಯನ್ನೂ, 272 ಮೆಟ್ಟಿಲ ಬಾಟು ಗುಹೆಯ ಮುರುಗನ ದೇವಸ್ಥಾನವನ್ನೂ ಬರೆದುಕೊಟ್ಟಿದ್ದೇನೆ.

ನಮ್ಮ ಊಟಕ್ಕೆ ಜಾಕಿಮ್ ಇಲಾಖೆಯ ಹಲಾಲ್ ಮುದ್ರೆ ನೋಡಿ. "ಹಂದಿ ಮಾಂಸ ಇಲ್ಲ" ಎಂಬ ಫಲಕ ಹಲಾಲ್ ಎಂಬುದಕ್ಕೆ ಸಮವಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ತಮಿಳು ಮೂಲದ ಮುಸ್ಲಿಮರ ಮಾಮಕ್ ಅಂಗಡಿಗಳು ರಾತ್ರಿಯೆಲ್ಲ ತೆರೆದಿರುತ್ತವೆ. ಪರೋಟದಂಥ ರೋಟಿ ಚನಾಯ್, ಎತ್ತಿ ಸುರಿದ ಚಹಾ ಸಿಗುತ್ತದೆ. ಹೋಟೆಲುಗಳಲ್ಲಿ ಸಿಗರೇಟ್ ಸೇದುವಂತಿಲ್ಲ.

ನಮಾಜಿಗೆ ಅಲ್ಲಿನಷ್ಟು ಸೌಕರ್ಯ ನಾನು ಬೇರೆಲ್ಲೂ ಕಂಡಿಲ್ಲ. ಮಾಲ್‌ನಲ್ಲೂ ಪೆಟ್ರೋಲ್ ಬಂಕ್‌ನಲ್ಲೂ "ಸುರಾವ್" ಎಂದು ಬರೆದ ನಮಾಜ್ ಕೋಣೆ ಇರುತ್ತದೆ. ಹೋಟೆಲ್ ಕೋಣೆಯ ಮಾಡಿನಲ್ಲಿ ಕಿಬ್ಲಾದ ಬಾಣದ ಗುರುತು. 1965ರಲ್ಲಿ ತೆರೆದ ರಾಷ್ಟ್ರೀಯ ಮಸೀದಿಯ ಛಾವಣಿ ಅರ್ಧ ಬಿಚ್ಚಿದ ಕೊಡೆಯಂತಿದೆ, ಮಲೆನಾಡಿನವನಿಗೆ ನೋಡಿದೊಡನೆ ಇಷ್ಟವಾಗುತ್ತದೆ. ಮಹಿಳೆಯರ ಭಾಗದಲ್ಲಿ ಬಿಳಿ ನಮಾಜಿನ ಉಡುಪುಗಳನ್ನು ತೂಗುಹಾಕಿರುತ್ತಾರೆ. ನಮ್ಮ ಮನೆಯವರು ಅಂದು ಜಮಾಅತಿನಲ್ಲಿ ಮಗ್‌ರಿಬ್ ಓದಿ ಹೊರಬಂದಾಗ ತುಂಬ ಹೊತ್ತು ಏನೂ ಮಾತಾಡಲಿಲ್ಲ.

ಅಲ್ಲಿನವರು ಶಾಫಿಈಗಳು. ನಮ್ಮ ಬ್ಯಾರಿ ಸಹೋದರರಿಗೆ ಏನೂ ಹೊಸದೆನಿಸದು. ಹನಫಿಗಳು ಮಾತ್ರ ಫಜ್ರ್‌ನಲ್ಲಿ ಇಮಾಮರು ರುಕೂವಿನಿಂದ ಎದ್ದು ಕೈಯೆತ್ತಿ ದೀರ್ಘ ದುವಾ ಮಾಡಿದಾಗ ಗಾಬರಿಯಾಗದೆ ಸುಮ್ಮನೆ ನಿಂತಿರಿ. ಕಸ್ರ್‌ನ ಲೆಕ್ಕವೂ ಬೇರೆ: ಒಂದೇ ಊರಲ್ಲಿ ಹದಿನೈದು ದಿನಕ್ಕಿಂತ ಕಡಿಮೆ ಉಳಿಯುವ ನಿಯ್ಯತ್ ಇದ್ದರೆ ಹನಫಿಗಳಿಗೆ ಕಸ್ರ್, ಶಾಫಿಈಗಳಿಗೆ, ಬಂದ ದಿನ ಹೊರಡುವ ದಿನ ಬಿಟ್ಟು ಪೂರ್ತಿ ನಾಲ್ಕು ದಿನ ಉಳಿಯುವ ನಿಯ್ಯತ್ ಇದ್ದರೆ ಪೂರ್ಣ ನಮಾಜ್. ಊರಿನ ಇಮಾಮರ ಹಿಂದೆ ನಿಂತಾಗ ಇಬ್ಬರಿಗೂ ಪೂರ್ಣವೇ. ಜುಮಾ ಖುತುಬಾ ಮಲಯದಲ್ಲಿರುತ್ತದೆ. ಕೌಲಾಲಂಪುರದ ಮಸ್ಜಿದ್ ಇಂಡಿಯಾದಲ್ಲಿ ತಮಿಳು ಕೇಳಿಸುತ್ತದೆ, ಒಂದಿಷ್ಟಾದರೂ ಅರ್ಥವಾದೀತು.

ತುರ್ತಿಗೆ ಅಲ್ಲಿನ ಫೋನ್ 999. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸ್ ದೂರು, ಆಮೇಲೆ ಕೌಲಾಲಂಪುರದ ಭಾರತೀಯ ಹೈಕಮಿಷನ್. ಪಾಸ್‌ಪೋರ್ಟಿನ ಒಂದು ಜೆರಾಕ್ಸ್ ಮನೆಯಲ್ಲಿಟ್ಟು ಹೋಗಿ. ಕೆಲಸಕ್ಕೆ ಹೊರಟವರು ಏಜೆಂಟ್ ಕೊಟ್ಟ ಕಾಗದಗಳನ್ನು, ಹಣ ಕೊಡುವ ಮೊದಲು, ತಂದು ತೋರಿಸಿ. ಶುಕ್ರವಾರ ಅಸರ್ ಆದ ಮೇಲೆ ಮಸೀದಿಯ ಕಚೇರಿಯಲ್ಲಿರುತ್ತೇನೆ. ವಾಪಸ್ ಬಂದ ಆ ಹುಡುಗನೂ ಈಗ ಅಲ್ಲಿ ಬಂದು ಕೂರುತ್ತಿದ್ದಾನೆ. ಇ-ಮೈಗ್ರೇಟ್‌ನಲ್ಲಿ ಪರವಾನಗಿ ಸಂಖ್ಯೆ ಹುಡುಕುವುದು ನನಗಿಂತ ಅವನಿಗೇ ಚೆನ್ನಾಗಿ ಬರುತ್ತದೆ.