ನೋಟು ಒಂದೇ, ಖಜಾನೆ ಬೇರೆ: ಯೂರೋ ಕಥೆ
ಬೆಳಿಗ್ಗೆ ಜರ್ಮನಿಯಲ್ಲಿ ಕಾಫಿ, ಸಂಜೆ ಫ್ರಾನ್ಸ್‌ನಲ್ಲಿ ಊಟ. ಎರಡೂ ಕಡೆ ಕೊಡೋದು ಯೂರೋನೇ. ನೋಟು ಬದಲಾಯಿಸೋ ಕಮಿಷನ್ ಇಲ್ಲ. ವ್ಯಾಪಾರಿಗೂ ವಿನಿಮಯ ದರ ಏರುತ್ತೋ ಇಳಿಯುತ್ತೋ ಅನ್ನೋ ಭಯ ಇಲ್ಲ.

ಹಾಗಾದ್ರೆ ತೊಂದರೆ ಎಲ್ಲಿ? ಗ್ರೀಸ್ ನೋಡಿ. 2001ರಲ್ಲಿ ತನ್ನ ಡ್ರಾಕ್ಮಾ ಬಿಟ್ಟು ಯೂರೋ ಸೇರಿತು. ಕಡಿಮೆ ಬಡ್ಡಿಗೆ ಸಾಲ ಸಿಕ್ತು, ಸರ್ಕಾರ ಸಾಲ ಮಾಡ್ತಾನೇ ಹೋಯ್ತು. 2010ರಲ್ಲಿ ಹೊರಗಿನ ನೆರವಿಲ್ಲದೆ ನಡೆಯಲ್ಲ ಅನ್ನೋ ಸ್ಥಿತಿ.

ಸ್ವಂತ ಕರೆನ್ಸಿ ಇದ್ದಿದ್ರೆ ಅದರ ಮೌಲ್ಯ ಇಳಿಸಬಹುದಿತ್ತು. ಗ್ರೀಸ್‌ನ ಸರಕು, ಪ್ರವಾಸ ಹೊರಗಿನವರಿಗೆ ಅಗ್ಗ ಆಗ್ತಿತ್ತು. ಆದರೆ ಯೂರೋ ಬಡ್ಡಿದರ ನಿರ್ಧರಿಸೋದು ಫ್ರಾಂಕ್‌ಫರ್ಟ್‌ನಲ್ಲಿರೋ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್, ಅದೂ ಎಲ್ಲ ದೇಶಗಳನ್ನು ನೋಡಿಕೊಂಡು. ಹಾಗಾಗಿ ನೋಟಿನ ಬದಲು ಇಳಿದದ್ದು ಜನರ ಸಂಬಳ, ಪಿಂಚಣಿ. 2013ರಲ್ಲಿ ನಿರುದ್ಯೋಗ ಶೇ 27ರ ಆಸುಪಾಸು. 2015ರಲ್ಲಿ ಎಟಿಎಂನಿಂದ ದಿನಕ್ಕೆ 60 ಯೂರೋ ಮಾತ್ರ.

ಕರ್ನಾಟಕಕ್ಕೂ ಬಿಹಾರಕ್ಕೂ ಒಂದೇ ರೂಪಾಯಿ ಅಲ್ವಾ? ಹೌದು. ಆದರೆ ಇಲ್ಲಿ ಕೇಂದ್ರದ ತೆರಿಗೆಯಲ್ಲಿ ಬಡ ರಾಜ್ಯಕ್ಕೆ ಹೆಚ್ಚು ಪಾಲು ಹೋಗುತ್ತೆ. ಯೂರೋ ದೇಶಗಳಲ್ಲಿ ಅಂಥ ದೊಡ್ಡ ಖಜಾನೆ ಇಲ್ಲ.

ಇಷ್ಟಾದ್ರೂ ಗ್ರೀಸ್ ಯೂರೋ ಬಿಡಲಿಲ್ಲ. ಬಿಟ್ಟಿದ್ರೆ ಹೊಸ ನೋಟಿನ ಜೊತೆ ಜನರ ಉಳಿತಾಯದ ಬೆಲೆ ಕುಸಿಯೋ ಭಯ. ಯೂರೋ ಸಾಲ ಮಾತ್ರ ಹಾಗೇ ಇರ್ತಿತ್ತು. ಸೇರೋದು ಸುಲಭ, ಹೊರಬರೋದೇ ಕಷ್ಟ.